ಗ್ವಾರ್ಡಿಯೋಲಾ, ಕ್ಲೋಪ್, ಟುಕೆಲ್: ಮ್ಯಾಂಚೆಸ್ಟರ್ ಯುನೈಟೆಡ್ ಕೈಯಿಂದ ಜಾರಿದ ಮ್ಯಾನೇಜರ್‌ಗಳು

ನಮ್ಮ ಕಡೆ ಈಗ ಹದಿನೇಳು ಹದಿನೆಂಟು ವಯಸ್ಸಿನ ಹುಡುಗರಿಗೆ ಮ್ಯಾಂಚೆಸ್ಟರ್ ಯುನೈಟೆಡ್ ಲೀಗ್ ಗೆದ್ದದ್ದು ನೆನಪಿರಲಿಕ್ಕಿಲ್ಲ. ಆದರೂ ಅಪ್ಪನೋ ಮಾವನೋ ಗಲ್ಫ್‌ನಿಂದ ತಂದ ಕೆಂಪು ಜೆರ್ಸಿ ಹಾಕಿಕೊಂಡು ಇಶಾ ನಮಾಝ್ ಮುಗಿಸಿ ಮ್ಯಾಚ್ ನೋಡಲು ಕೂರುತ್ತಾರೆ. ಸೋತರೆ ಅವತ್ತಿನ ಮ್ಯಾನೇಜರ್‌ಗೆ ಬೈಗುಳ. ಮೊದಲು ಮೊಯೆಸ್‌ಗೆ ಬೈದರು, ಆಮೇಲೆ ವಾನ್ ಗಾಲ್, ಮೊರಿನ್ಹೋ, ಸೋಲ್ಶೇರ್, ಟೆನ್ ಹಾಗ್, ಅಮೊರಿಮ್ ಅಂತ ಪಟ್ಟಿ ಉದ್ದವಾಗುತ್ತಾ ಹೋಯಿತು. ಇಷ್ಟೂ ಜನ ಕೆಲಸ ಗೊತ್ತಿಲ್ಲದವರೇ? ಹಾಗೆ ಹೇಳಲು ಆಗುವುದಿಲ್ಲ. ತಪ್ಪು ಆ ಕುರ್ಚಿಯಲ್ಲಿ ಕೂತವರದ್ದಕ್ಕಿಂತ ಕುರ್ಚಿಗೆ ಜನ ಹುಡುಕಿದವರದ್ದು ಜಾಸ್ತಿ. ಜಗತ್ತಿನ ಅತ್ಯುತ್ತಮ ಮ್ಯಾನೇಜರ್‌ಗಳು ಈ ಕ್ಲಬ್ಬಿನ ಬಾಗಿಲ ಹತ್ತಿರ ಬಂದು ಹೋಗಿದ್ದಾರೆ, ಒಂದಲ್ಲ, ಹಲವು ಸಲ. ಆ ಲೆಕ್ಕವನ್ನು ಒಮ್ಮೆ ನೋಡೋಣ. ನಾನೂ ಯುನೈಟೆಡ್ ಬೆಂಬಲಿಗನೇ, ಹಾಗಾಗಿ ಇದನ್ನು ಸಂತೋಷದಿಂದ ಬರೆಯುತ್ತಿಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ.

ಒಂದು ಮಾತು ಸ್ಪಷ್ಟವಿರಲಿ. ನಮ್ಮ ಸೆವೆನ್ಸ್ ಟೂರ್ನಮೆಂಟ್‌ಗಳಲ್ಲಿ ಟೀಮ್ ಮ್ಯಾನೇಜರ್ ಅಂದರೆ ಗಾಡಿ, ಊಟ, ಎಂಟ್ರಿ ಫೀಸು ನೋಡಿಕೊಳ್ಳುವವನು. ಇಂಗ್ಲೆಂಡಿನಲ್ಲಿ ಹಾಗಲ್ಲ. ಯಾರು ಆಡಬೇಕು, ಹೇಗೆ ಆಡಬೇಕು, ಯಾರನ್ನು ಕೊಳ್ಳಬೇಕು, ಯಾರನ್ನು ಮಾರಬೇಕು ಎಂಬುದೆಲ್ಲ ಹಿಂದಿನ ಕಾಲದಲ್ಲಿ ಮ್ಯಾನೇಜರ್ ಕೈಯಲ್ಲೇ ಇತ್ತು. ಆ ಪದ್ಧತಿಯ ಕೊನೆಯ ದೊಡ್ಡ ಮನುಷ್ಯ ಅಲೆಕ್ಸ್ ಫರ್ಗುಸನ್. 1986ರ ನವೆಂಬರ್‌ನಲ್ಲಿ ಬಂದವರು 2013ರ ಮೇ ತನಕ ಇದ್ದರು. 13 ಲೀಗ್ ಪ್ರಶಸ್ತಿ, ಎಲ್ಲ ಸೇರಿ 38 ಟ್ರೋಫಿ. ಇಷ್ಟು ವರ್ಷ ಒಬ್ಬನೇ ಕೂತ ಜಾಗಕ್ಕೆ ಇನ್ನೊಬ್ಬನನ್ನು ಹುಡುಕುವುದು ಹೇಗೆ ಎಂಬುದೇ ಆ ಕ್ಲಬ್ಬಿಗೆ ಮರೆತುಹೋಗಿತ್ತು.

ಅದಕ್ಕೂ ಮೊದಲಿನ ಒಂದು ಕತೆ ಇದೆ, ಅದು ಉಲ್ಟಾ ಕತೆ. 2001-02ರ ಸೀಸನ್ ಮುಗಿದ ಮೇಲೆ ನಿವೃತ್ತಿ ಅಂತ ಫರ್ಗುಸನ್ ಘೋಷಿಸಿದ್ದರು. ಕ್ಲಬ್ ಬೇರೆಯವರನ್ನು ಹುಡುಕಿತು. ಆಗ ಇಂಗ್ಲೆಂಡ್ ತಂಡದ ಮ್ಯಾನೇಜರ್ ಆಗಿದ್ದ ಸ್ವೀಡನ್ನಿನ ಸ್ವೆನ್ ಗೊರಾನ್ ಎರಿಕ್ಸನ್ ಜೊತೆ ಮಾತುಕತೆ ಪೂರ್ತಿಯಾಗಿತ್ತು, ತಾನು ಯುನೈಟೆಡ್‌ಗೆ ಹೋಗುವುದು ನಿಶ್ಚಯವಾಗಿತ್ತು ಎಂದು ಎರಿಕ್ಸನ್ ಅವರೇ ನಂತರ ಹೇಳಿದ್ದಾರೆ. ಅಷ್ಟರಲ್ಲಿ ಫರ್ಗುಸನ್ ಮನೆಯಲ್ಲಿ ಹೆಂಡತಿ ಕ್ಯಾಥಿ ಮತ್ತು ಮಕ್ಕಳು ಸೇರಿ, ನೀವು ನಿವೃತ್ತಿ ಆಗುವುದು ಬೇಡ ಅಂದರು. 2002ರ ಫೆಬ್ರವರಿಯಲ್ಲಿ ಅವರು ಮನಸ್ಸು ಬದಲಿಸಿದರು. ಎರಿಕ್ಸನ್ ಕೈತಪ್ಪಿದರು. ಇದರಿಂದ ನಷ್ಟವಾಯಿತೇ? ಆಮೇಲಿನ 11 ವರ್ಷದಲ್ಲಿ ಫರ್ಗುಸನ್ ಇನ್ನೂ ಆರು ಲೀಗ್ ಗೆದ್ದರು, 2008ರಲ್ಲಿ ಚಾಂಪಿಯನ್ಸ್ ಲೀಗ್ ಗೆದ್ದರು, ರೊನಾಲ್ಡೊ ಮತ್ತು ರೂನಿಯನ್ನು ತಂದರು. ಕೈತಪ್ಪಿದ್ದೆಲ್ಲ ನಷ್ಟದ ಖಾತೆಗೆ ಬರೆಯಲು ಆಗುವುದಿಲ್ಲ ಅನ್ನುವುದಕ್ಕೆ ಇದನ್ನು ಮೊದಲೇ ಹೇಳಿದೆ.

ಈಗ 2012ಕ್ಕೆ ಬರೋಣ. ಬಾರ್ಸಿಲೋನಾದಲ್ಲಿ ನಾಲ್ಕು ವರ್ಷ ಎಲ್ಲವನ್ನೂ ಗೆದ್ದು ಸುಸ್ತಾದ ಪೆಪ್ ಗ್ವಾರ್ಡಿಯೋಲಾ ಒಂದು ವರ್ಷ ರಜೆ ಹಾಕಿ ನ್ಯೂಯಾರ್ಕ್‌ನಲ್ಲಿ ಕೂತಿದ್ದರು. ಅಲ್ಲಿ ಫರ್ಗುಸನ್ ಅವರೊಂದಿಗೆ ಒಂದು ರಾತ್ರಿ ಊಟ ಮಾಡಿದರು. ಬೇರೆ ಕ್ಲಬ್ಬಿನ ಆಫರ್ ಒಪ್ಪುವ ಮೊದಲು ನನಗೊಂದು ಫೋನ್ ಮಾಡು ಅಂತ ಹೇಳಿದ್ದೆ, ಅವನು ಮಾಡಲಿಲ್ಲ ಎಂದು ಫರ್ಗುಸನ್ 2015ರ ತಮ್ಮ ಪುಸ್ತಕದಲ್ಲಿ ಬರೆದರು. ಗ್ವಾರ್ಡಿಯೋಲಾ ಕೊಟ್ಟ ಉತ್ತರ ಬೇರೆ. ತನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ, ಸರ್ ಅಲೆಕ್ಸ್ ವೇಗವಾಗಿ ಮಾತನಾಡುತ್ತಾರೆ, ಆಫರ್ ಬಂದಿದ್ದರೂ ತನಗೆ ಅರ್ಥವಾಗಿರಲಿಕ್ಕಿಲ್ಲ ಅಂದರು.

ಫರ್ಗುಸನ್ ಅವರ ಗ್ಲಾಸ್ಗೋ ಇಂಗ್ಲಿಷ್ ಕೇಳಿದವರಿಗೆ ಇದು ತಮಾಷೆ ಅಂತ ಅನಿಸುವುದಿಲ್ಲ. ಆದರೆ ನನಗೆ ಇಲ್ಲಿ ಮುಖ್ಯವಾಗಿ ಕಾಣುವುದು ದಿನಾಂಕ. ತಾನು ನಿವೃತ್ತಿಯಾಗುವುದು ಅಂತ ಫರ್ಗುಸನ್ ತೀರ್ಮಾನಿಸಿದ್ದು 2012ರ ಕ್ರಿಸ್‌ಮಸ್ ಹೊತ್ತಿಗೆ. ಅದೂ ಹೆಂಡತಿಯ ಸಹೋದರಿ ತೀರಿಕೊಂಡು, ಮನೆಯಲ್ಲಿ ಆಕೆ ಒಂಟಿಯಾದರು ಅನ್ನುವ ಕಾರಣಕ್ಕೆ. ನ್ಯೂಯಾರ್ಕ್ ಊಟ ಆದದ್ದು ಅದಕ್ಕೂ ಮೊದಲು. ಅಂದರೆ ಆ ರಾತ್ರಿ ಕುರ್ಚಿ ಖಾಲಿಯೇ ಇರಲಿಲ್ಲ. ಖಾಲಿ ಇಲ್ಲದ ಕುರ್ಚಿಗೆ ಯಾರನ್ನಾದರೂ ಸ್ಪಷ್ಟವಾಗಿ ಕರೆಯುವುದು ಹೇಗೆ? ಹಾಗಾಗಿ 'ಫೋನ್ ಮಾಡು' ಅನ್ನುವುದಕ್ಕಿಂತ ಜಾಸ್ತಿ ಅವರು ಹೇಳುವ ಹಾಗಿರಲಿಲ್ಲ. 2013ರ ಜನವರಿಯಲ್ಲಿ ಬಯರ್ನ್ ಮ್ಯೂನಿಕ್ ಗ್ವಾರ್ಡಿಯೋಲಾ ಹೆಸರು ಪ್ರಕಟಿಸಿಯೇಬಿಟ್ಟಿತು. ಬಯರ್ನ್ ಫೋನ್ ಕಾಯುತ್ತಾ ಕೂರಲಿಲ್ಲ.

ಆ ವಸಂತದಲ್ಲಿ ಉಳಿದವರನ್ನು ಹುಡುಕಿದರೆ ಯಾರೂ ಸಿಗುವ ಹಾಗಿರಲಿಲ್ಲ. ಮೊರಿನ್ಹೋ ಆಗಲೇ ಚೆಲ್ಸಿಗೆ ಮಾತು ಕೊಟ್ಟಿದ್ದರು. ಆಂಚೆಲೊಟ್ಟಿ ರಿಯಲ್ ಮ್ಯಾಡ್ರಿಡ್‌ಗೆ ಹೊರಟಿದ್ದರು. ಯುರ್ಗನ್ ಕ್ಲೋಪ್ ಡಾರ್ಟ್‌ಮುಂಡ್‌ನಲ್ಲಿ ಖುಷಿಯಾಗಿದ್ದರು. ವಾನ್ ಗಾಲ್ 2014ರ ವಿಶ್ವಕಪ್ ತನಕ ನೆದರ್ಲೆಂಡ್ಸ್ ಬಿಡುವವರಲ್ಲ. ಇದನ್ನೂ ಫರ್ಗುಸನ್ ಅವರೇ ಬರೆದಿದ್ದಾರೆ. ಕೊನೆಗೆ ಎವರ್ಟನ್ ಕ್ಲಬ್ಬಿನಲ್ಲಿ 11 ವರ್ಷ ಇದ್ದ ಡೇವಿಡ್ ಮೊಯೆಸ್ ಅವರನ್ನು ತಮ್ಮ ಮನೆಗೆ ಕರೆಸಿಕೊಂಡರು. ಯಾವುದೋ ಆಟಗಾರನ ವರ್ಗಾವಣೆ ಮಾತಿರಬೇಕು ಅಂತ ಮೊಯೆಸ್ ಜೀನ್ಸ್ ಪ್ಯಾಂಟಿನಲ್ಲೇ ಹೋಗಿದ್ದರಂತೆ. ನಾನು ನಿವೃತ್ತಿ, ಮುಂದಿನ ಮ್ಯಾನೇಜರ್ ನೀನೇ ಅಂದಾಗ ಮುಖದ ಬಣ್ಣ ಹೋಯಿತು ಎಂದು ಅವರೇ ಹೇಳಿಕೊಂಡಿದ್ದಾರೆ. ಸಂದರ್ಶನ ಇಲ್ಲ, ಇನ್ನೊಬ್ಬ ಅಭ್ಯರ್ಥಿ ಜೊತೆ ಹೋಲಿಕೆ ಇಲ್ಲ. ಮೇ 8ಕ್ಕೆ ಫರ್ಗುಸನ್ ನಿವೃತ್ತಿ ಘೋಷಣೆ, ಮೇ 9ಕ್ಕೆ ಮೊಯೆಸ್ ಹೆಸರು. ಜಗತ್ತಿನ ಅತಿ ದೊಡ್ಡ ಕ್ಲಬ್ಬುಗಳಲ್ಲಿ ಒಂದರ ನೇಮಕಾತಿ ಹೀಗೆ ಆಯಿತು.

ಆದರೆ ಅಸಲಿ ತೊಂದರೆ ಅದಲ್ಲ. ಅದೇ ಬೇಸಿಗೆಯಲ್ಲಿ ಕ್ಲಬ್ಬಿನ ಮುಖ್ಯ ಕಾರ್ಯನಿರ್ವಾಹಕ ಡೇವಿಡ್ ಗಿಲ್ ಕೂಡ ಕೆಲಸ ಬಿಟ್ಟರು. ವ್ಯಾಪಾರ ಮಾಡುವವರಿಗೆ ಇದು ಬೇಗ ಅರ್ಥ ಆಗುತ್ತದೆ. ಅಂಗಡಿಯಲ್ಲಿ ಮಾಲು ಎಲ್ಲಿಂದ ತರಬೇಕು ಅಂತ ಗೊತ್ತಿದ್ದವನು ಒಬ್ಬ, ಯಾರಿಗೆ ಎಷ್ಟು ಕೊಡಬೇಕು ಅಂತ ಗೊತ್ತಿದ್ದವನು ಇನ್ನೊಬ್ಬ. ಇಬ್ಬರೂ ಒಂದೇ ತಿಂಗಳು ಬಿಟ್ಟು ಹೋದರೆ ಹೊಸಬನ ಕೈಗೆ ಸಿಗುವುದು ಬೀಗದ ಕೈ ಮಾತ್ರ. ಗಿಲ್ ಜಾಗಕ್ಕೆ ಬಂದವರು ಎಡ್ ವುಡ್‌ವರ್ಡ್. ಲೆಕ್ಕ ಪರಿಶೋಧಕ, ಮೊದಲು ಜೆಪಿ ಮಾರ್ಗನ್ ಬ್ಯಾಂಕಿನಲ್ಲಿದ್ದವರು, 2005ರಲ್ಲಿ ಅಮೆರಿಕದ ಗ್ಲೇಜರ್ ಕುಟುಂಬ ಸಾಲ ಮಾಡಿ ಕ್ಲಬ್ಬನ್ನು ಕೊಂಡಾಗ ಆ ವ್ಯವಹಾರಕ್ಕೆ ಸಲಹೆ ಕೊಟ್ಟವರು. ಹಣ ತರುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. 2014ರಲ್ಲಿ ಅಡಿಡಾಸ್ ಜೊತೆ ಹತ್ತು ವರ್ಷಕ್ಕೆ 75 ಕೋಟಿ ಪೌಂಡಿನ ಒಪ್ಪಂದ ಆಯಿತು. ಆದರೆ ಫುಟ್ಬಾಲ್ ಮಾರುಕಟ್ಟೆಯಲ್ಲಿ ಅವರು ಹೊಸಬ.

ಮೊದಲ ಬೇಸಿಗೆಯಲ್ಲೇ ಅದು ಕಾಣಿಸಿತು. ಎವರ್ಟನ್‌ನ ಫೆಲೈನಿಯನ್ನು ಜುಲೈ ಮುಗಿಯುವುದರೊಳಗೆ ಕೊಂಡಿದ್ದರೆ ಅವರ ಕರಾರಿನ ಪ್ರಕಾರ 2.35 ಕೋಟಿ ಪೌಂಡ್ ಸಾಕಿತ್ತು. ಆ ಗಡುವು ದಾಟಿತು. ಮಾರುಕಟ್ಟೆ ಮುಚ್ಚುವ ದಿನ ಅದೇ ಆಟಗಾರನಿಗೆ 2.75 ಕೋಟಿ ಕೊಟ್ಟು ತಂದರು. ಮಾಲು ಅದೇ, ನಲವತ್ತು ಲಕ್ಷ ಪೌಂಡ್ ಹೆಚ್ಚು. ಬಿ.ಕಾಂ. ಮೊದಲ ವರ್ಷದ ಹುಡುಗನೂ ಇದನ್ನು ಒಪ್ಪುವುದಿಲ್ಲ.

ಮೊಯೆಸ್ 2014ರ ಏಪ್ರಿಲ್‌ನಲ್ಲಿ ಹೊರಗೆ ಬಿದ್ದರು, ಆ ಸೀಸನ್‌ನಲ್ಲಿ ತಂಡ ಏಳನೇ ಸ್ಥಾನ. ಪಾಪ ಅವರನ್ನು ಈಗಲೂ ಹೀಯಾಳಿಸುವವರಿದ್ದಾರೆ, ಆದರೆ 2023ರಲ್ಲಿ ವೆಸ್ಟ್ ಹ್ಯಾಮ್‌ಗೆ ಯುರೋಪಿನ ಕಪ್ ಗೆದ್ದುಕೊಟ್ಟದ್ದೂ ಅವರೇ.

ಕ್ಲೋಪ್ ಜೊತೆಗಿನ ಮಾತುಕತೆ ಈ ಹೊತ್ತಿನದ್ದು. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಇಡೀ ಕತೆಯ ತಿರುಳು ಇಲ್ಲೇ ಇದೆ. ವುಡ್‌ವರ್ಡ್ ಕ್ಲೋಪ್ ಅವರನ್ನು ಕಾಣಲು ಹೋದರು. ಕ್ಲೋಪ್ ಡಾರ್ಟ್‌ಮುಂಡ್‌ಗೆ 2011, 2012ರಲ್ಲಿ ಸತತ ಎರಡು ಲೀಗ್ ಗೆದ್ದುಕೊಟ್ಟು, 2013ರಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್‌ಗೆ ಕೊಂಡೊಯ್ದಿದ್ದರು. ಜರ್ಮನ್ ಪತ್ರಕರ್ತ ರಾಫೆಲ್ ಹೋನಿಗ್‌ಸ್ಟೈನ್ ಬರೆದ ಕ್ಲೋಪ್ ಜೀವನಚರಿತ್ರೆಯ ಪ್ರಕಾರ, ಓಲ್ಡ್ ಟ್ರಾಫರ್ಡ್ ಅಂದರೆ ದೊಡ್ಡವರ ಡಿಸ್ನಿಲ್ಯಾಂಡ್ ಇದ್ದ ಹಾಗೆ, ಕನಸುಗಳು ನಿಜವಾಗುವ ಜಾಗ ಎಂಬ ಅರ್ಥದಲ್ಲಿ ವುಡ್‌ವರ್ಡ್ ವಿವರಿಸಿದರು. ಕ್ಲೋಪ್‌ಗೆ ಅದು ಹಿಡಿಸಲಿಲ್ಲ. ಅದರಲ್ಲಿ ಆಕರ್ಷಣೆಯೇ ಇಲ್ಲ ಅಂತ ಗೆಳೆಯರಲ್ಲಿ ಹೇಳಿದರಂತೆ. ಬಹಳ ವರ್ಷಗಳ ನಂತರ ಕ್ಲೋಪ್ ಸ್ವತಃ ಒಂದು ಸಂದರ್ಶನದಲ್ಲಿ ಆ ಮಾತುಕತೆ ನೆನಪಿಸಿಕೊಂಡರು: ರೊನಾಲ್ಡೊವನ್ನು ವಾಪಸ್ ತರುತ್ತೇವೆ, ಪೊಗ್ಬಾನನ್ನು ವಾಪಸ್ ತರುತ್ತೇವೆ, ಬೇಕಾದ ದೊಡ್ಡ ಹೆಸರೆಲ್ಲ ತರುತ್ತೇವೆ ಎನ್ನುವ ದಾಟಿ ತನಗೆ ಇಷ್ಟವಾಗಲಿಲ್ಲ, ಅದು ತನ್ನ ಯೋಜನೆ ಆಗಿರಲಿಲ್ಲ ಅಂದರು.

ಯೋಚಿಸಿ ನೋಡಿ. ವುಡ್‌ವರ್ಡ್ ಸುಳ್ಳು ಹೇಳಲಿಲ್ಲ. 2016ರಲ್ಲಿ ಪೊಗ್ಬಾ ಬಂದ, 2021ರಲ್ಲಿ ರೊನಾಲ್ಡೊ ಬಂದ. ಅಡಿಡಾಸ್‌ನವರಿಗೆ ಹೇಳಿದ್ದರೆ ಅವರು ಕುಣಿಯುತ್ತಿದ್ದರು. ಆದರೆ ಎದುರಿಗೆ ಕೂತಿದ್ದವರು ಜಾಹೀರಾತು ಕೊಡುವವರಲ್ಲ. ಹೆಸರಿಲ್ಲದ ಹುಡುಗರನ್ನು ಓಡಿಸಿ ಓಡಿಸಿ ಹೆಸರು ಮಾಡಿಸುವುದು ಕ್ಲೋಪ್ ಕೆಲಸ. ಅಂಥವರಿಗೆ ರೆಡಿಮೇಡ್ ತಾರೆಯರ ಪಟ್ಟಿ ಓದಿ ಹೇಳಿದರೆ ಏನು ಪ್ರಯೋಜನ? ಗಿರಾಕಿ ಏನು ಕೇಳಲು ಬಂದಿದ್ದಾನೆ ಅಂತ ನೋಡದೆ ಶೋಕೇಸ್‌ನಲ್ಲಿರುವುದನ್ನು ಹೊಗಳಿದರೆ ವ್ಯಾಪಾರ ಕುದುರುವುದಿಲ್ಲ. ಡಾರ್ಟ್‌ಮುಂಡ್ ಜನರಿಗೆ ಕೊಟ್ಟ ಮಾತು ಮುರಿಯುವುದಿಲ್ಲ ಎಂದು ಕ್ಲೋಪ್ ಏಪ್ರಿಲ್‌ನಲ್ಲಿ ಬಹಿರಂಗವಾಗಿಯೇ ಹೇಳಿಕೆ ಕೊಟ್ಟರು. ಯುನೈಟೆಡ್ ವಾನ್ ಗಾಲ್ ಕಡೆ ತಿರುಗಿತು.

ಮುಂದಿನ ವರ್ಷ ಡಾರ್ಟ್‌ಮುಂಡ್ ಏಳನೇ ಸ್ಥಾನಕ್ಕೆ ಇಳಿಯಿತು. ಕ್ಲೋಪ್ ಕೆಲಸ ಬಿಟ್ಟು 2015ರ ಬೇಸಿಗೆ ಪೂರ್ತಿ ಮನೆಯಲ್ಲಿದ್ದರು. ಯುನೈಟೆಡ್‌ನಲ್ಲಿ ವಾನ್ ಗಾಲ್ ನಾಲ್ಕನೇ ಸ್ಥಾನ ಗಳಿಸಿದ್ದರಿಂದ ಅವರನ್ನು ತೆಗೆಯಲು ಕಾರಣವಿರಲಿಲ್ಲ, ಇದನ್ನು ನ್ಯಾಯವಾಗಿ ಒಪ್ಪಬೇಕು. ಅಕ್ಟೋಬರ್ 8ಕ್ಕೆ ಲಿವರ್‌ಪೂಲ್ ಕ್ಲೋಪ್ ಅವರನ್ನು ಕರೆದುಕೊಂಡಿತು.

ಲಿವರ್‌ಪೂಲ್ ಹೇಗೆ ಲೆಕ್ಕ ಹಾಕಿತ್ತು ಅನ್ನುವುದನ್ನು ನಮ್ಮ ಹುಡುಗರು ಗಮನಿಸಬೇಕು. ಅಲ್ಲಿ ಇಯಾನ್ ಗ್ರಹಾಂ ಎಂಬ ಭೌತಶಾಸ್ತ್ರ ಓದಿದ ಅಂಕಿಅಂಶ ತಜ್ಞ ಇದ್ದರು. ಡಾರ್ಟ್‌ಮುಂಡ್‌ನ ಆ ಕೆಟ್ಟ ಸೀಸನ್‌ನ ಪ್ರತಿ ಪಂದ್ಯವನ್ನು ಅವರು ಗಣಿತಕ್ಕೆ ಹಾಕಿದರು. ಎಷ್ಟು ಅವಕಾಶ ಸೃಷ್ಟಿಸಿದರು, ಎದುರಾಳಿಗೆ ಎಷ್ಟು ಬಿಟ್ಟುಕೊಟ್ಟರು ಅಂತ ಅಳೆದರೆ ಆ ತಂಡ ಎರಡನೇ ಸ್ಥಾನಕ್ಕೆ ಯೋಗ್ಯವಾಗಿ ಆಡಿತ್ತು, ಅದೃಷ್ಟ ಕೈಕೊಟ್ಟಿತ್ತು ಅಷ್ಟೇ ಅಂತ ಲೆಕ್ಕ ತೋರಿಸಿತು. ಊರೆಲ್ಲ ಏಳನೇ ಸ್ಥಾನ ನೋಡುವಾಗ ಲಿವರ್‌ಪೂಲ್ ಒಳಗಿನ ಪುಸ್ತಕ ತೆರೆದು ನೋಡಿತು. 2019ರಲ್ಲಿ ಚಾಂಪಿಯನ್ಸ್ ಲೀಗ್, 2020ರಲ್ಲಿ ಮೂವತ್ತು ವರ್ಷಗಳ ನಂತರ ಲೀಗ್. ಯುನೈಟೆಡ್‌ನಲ್ಲಿ ಫುಟ್ಬಾಲ್ ಡೈರೆಕ್ಟರ್ ಎಂಬ ಹುದ್ದೆಯೇ ಹುಟ್ಟಿದ್ದು 2021ರ ಮಾರ್ಚ್‌ನಲ್ಲಿ.

ಗ್ವಾರ್ಡಿಯೋಲಾ ಎರಡನೇ ಸಲ ಕೈತಪ್ಪಿದ್ದೂ ಇದೇ ಹೊತ್ತಿನಲ್ಲಿ. 2015ರ ಡಿಸೆಂಬರ್‌ನಲ್ಲಿ ಅವರು ಬಯರ್ನ್ ಬಿಡುವುದು ಖಚಿತವಾಯಿತು. ಅದೇ ತಿಂಗಳು ಚೆಲ್ಸಿ ಮೊರಿನ್ಹೋ ಅವರನ್ನು ತೆಗೆದುಹಾಕಿತು. ಅದೇ ತಿಂಗಳು ವಾನ್ ಗಾಲ್ ತಂಡ ಸೋಲಿನ ಮೇಲೆ ಸೋಲು ಕಾಣುತ್ತಿತ್ತು. ಇಬ್ಬರು ದೊಡ್ಡ ಮ್ಯಾನೇಜರ್‌ಗಳು ಒಂದೇ ಸಲ ಸಿಗುವ ಇಂಥ ತಿಂಗಳು ಪದೇ ಪದೇ ಬರುವುದಿಲ್ಲ. ಯುನೈಟೆಡ್ ಏನೂ ಮಾಡಲಿಲ್ಲ. 2016ರ ಫೆಬ್ರವರಿ 1ಕ್ಕೆ ಗ್ವಾರ್ಡಿಯೋಲಾ ನಮ್ಮವರು ಎಂದು ಪ್ರಕಟಿಸಿದ್ದು ಪಕ್ಕದ ಬೀದಿಯ ಮ್ಯಾಂಚೆಸ್ಟರ್ ಸಿಟಿ.

ಆದರೆ ಇಲ್ಲಿ ಒಂದು ಮಾತು. ಯುನೈಟೆಡ್ ಆ ದಿನ ಹಣ ಹಿಡಿದುಕೊಂಡು ಓಡಿದ್ದರೂ ಗ್ವಾರ್ಡಿಯೋಲಾ ಬರುತ್ತಿದ್ದರು ಅಂತ ನನಗೆ ಅನಿಸುವುದಿಲ್ಲ. ಸಿಟಿ 2012ರಲ್ಲೇ ಬಾರ್ಸಿಲೋನಾದ ಫೆರಾನ್ ಸೊರಿಯಾನೊ ಮತ್ತು ಟಿಕಿ ಬೆಗಿರಿಸ್ಟೈನ್ ಇಬ್ಬರನ್ನೂ ತಂದು ಕೂರಿಸಿತ್ತು. ಬಾರ್ಸಿಲೋನಾದಲ್ಲಿ ಗ್ವಾರ್ಡಿಯೋಲಾ ಜೊತೆ ಕೆಲಸ ಮಾಡಿದವರು ಅವರು. ಮನೆ ಕಟ್ಟಿ, ಅಡುಗೆಯವನನ್ನೂ ತಂದಿಟ್ಟು, ನಾಲ್ಕು ವರ್ಷ ಕಾದು ಮದುಮಗನನ್ನು ಕರೆದರು. ಫಲವಾಗಿ 2018ರಿಂದ 2024ರೊಳಗೆ ಆರು ಲೀಗ್, 2023ರಲ್ಲಿ ಒಂದೇ ಸೀಸನ್‌ನಲ್ಲಿ ಮೂರು ಕಪ್. 2012ರಲ್ಲಿ ಗ್ವಾರ್ಡಿಯೋಲಾ ಯುನೈಟೆಡ್‌ಗೆ ಬಂದಿದ್ದರೂ ಅಷ್ಟೆಲ್ಲ ಗೆಲ್ಲುತ್ತಿದ್ದರೇ? ಮೂವತ್ತು ದಾಟಿದ ಡಿಫೆನ್ಸ್, ನಲವತ್ತರ ಹತ್ತಿರದ ಗಿಗ್ಸ್, ಆಟ ಮುಗಿಸಿದ ಸ್ಕೋಲ್ಸ್, ಜೊತೆಗೆ ಫೆಲೈನಿಗೆ ಗಡುವು ದಾಟಿಸಿ ದುಡ್ಡು ಕೊಡುವ ಕಚೇರಿ. ನನಗೆ ಅನುಮಾನವೇ.

ವಾನ್ ಗಾಲ್ 2016ರ ಮೇ 21ಕ್ಕೆ ಎಫ್‌ಎ ಕಪ್ ಗೆದ್ದರು, 23ಕ್ಕೆ ವಜಾ ಆದರು. ಮೊರಿನ್ಹೋ ಬಂದರು. 2013ರಲ್ಲಿ ಬರಬೇಕಾದವರು ಮೂರು ವರ್ಷ ತಡವಾಗಿ, ಮನಸ್ಸು ಕಹಿಯಾದ ಮೇಲೆ ಬಂದರು. 2018ರ ಡಿಸೆಂಬರ್‌ನಲ್ಲಿ ಅವರನ್ನೂ ಕಳಿಸಲು ಪರಿಹಾರವಾಗಿ ಕೊಟ್ಟದ್ದು ಅವರ ಸಹಾಯಕರದ್ದೂ ಸೇರಿ 1.96 ಕೋಟಿ ಪೌಂಡ್.

ಆಮೇಲೆ ನಡೆದದ್ದು ನಮ್ಮೆಲ್ಲರ ತಪ್ಪೂ ಹೌದು. ಹಂಗಾಮಿಯಾಗಿ ಬಂದ ಹಳೆಯ ಆಟಗಾರ ಒಲೆ ಗುನ್ನರ್ ಸೋಲ್ಶೇರ್ ಗೆಲ್ಲುತ್ತಾ ಹೋದರು. 2019ರ ಮಾರ್ಚ್ 6ಕ್ಕೆ ಪ್ಯಾರಿಸ್‌ನಲ್ಲಿ ಪಿಎಸ್‌ಜಿಯನ್ನು 3-1ರಿಂದ ಸೋಲಿಸಿ ಹಿಂದಿನ ಪಂದ್ಯದ ಹಿನ್ನಡೆ ಅಳಿಸಿದ ರಾತ್ರಿ ನಿದ್ದೆ ಮಾಡಿದ ಯುನೈಟೆಡ್ ಬೆಂಬಲಿಗ ಯಾರೂ ಇರಲಿಕ್ಕಿಲ್ಲ. ಎಲ್ಲರೂ 'ಒಲೆಯೇ ಇರಲಿ' ಅಂದೆವು. ಸೀಸನ್ ಮುಗಿಯಲು ಎರಡು ತಿಂಗಳಿರುವಾಗಲೇ, ಮಾರ್ಚ್ 28ಕ್ಕೆ, ಕ್ಲಬ್ ಅವರನ್ನು ಕಾಯಂ ಮಾಡಿತು. ಅಲ್ಲಿಯ ತನಕ ಮಾಧ್ಯಮಗಳೆಲ್ಲ ಮುಂದಿನ ಮ್ಯಾನೇಜರ್ ಅಂತ ಹೇಳುತ್ತಿದ್ದುದು ಟಾಟನ್‌ಹ್ಯಾಮ್‌ನ ಮೌರಿಸಿಯೊ ಪೊಚೆಟಿನೊ ಹೆಸರು. 2016ರಲ್ಲೇ ಫರ್ಗುಸನ್ ಅವರ ಜೊತೆ ಲಂಡನ್‌ನಲ್ಲಿ ಊಟ ಮಾಡಿದ್ದರು. (ಈ ಕ್ಲಬ್ಬಿನ ಕತೆಯಲ್ಲಿ ಊಟಕ್ಕೆ ಕಡಿಮೆ ಇಲ್ಲ, ಒಪ್ಪಂದ ಮಾತ್ರ ಇಲ್ಲ.) ಕಾಯಂ ಆದ ಮೇಲೆ ಸೋಲ್ಶೇರ್ ತಂಡ ಕುಸಿದು ಆರನೇ ಸ್ಥಾನದಲ್ಲಿ ನಿಂತಿತು, ಪೊಚೆಟಿನೊ ಚಾಂಪಿಯನ್ಸ್ ಲೀಗ್ ಫೈನಲ್ ಆಡಿದರು. ಅದೇ ನವೆಂಬರ್‌ನಲ್ಲಿ ಟಾಟನ್‌ಹ್ಯಾಮ್ ಪೊಚೆಟಿನೊ ಅವರನ್ನು ತೆಗೆದು ಹಾಕಿದಾಗ, ಪರಿಹಾರ ಕೊಡುವ ಅಗತ್ಯವೂ ಇಲ್ಲದೆ ಅವರು ಒಂದು ವರ್ಷಕ್ಕೂ ಮೇಲೆ ಖಾಲಿ ಇದ್ದರು. ಯುನೈಟೆಡ್ ಕುರ್ಚಿ ಮಾತ್ರ ಭರ್ತಿ.

ಎರಡು ತಿಂಗಳು ಕಾದಿದ್ದರೆ ಏನು ಹೋಗುತ್ತಿತ್ತು? ಏನೂ ಇಲ್ಲ. ಆಗ ಕಾಯಬೇಕಿತ್ತು, ಕಾಯಲಿಲ್ಲ. 2021ರಲ್ಲಿ ಬೇಗ ತೀರ್ಮಾನಿಸಬೇಕಿತ್ತು, ಕಾದು ಕೂತರು. ಆ ಅಕ್ಟೋಬರ್ 24ಕ್ಕೆ ಸ್ವಂತ ಮೈದಾನದಲ್ಲಿ ಕ್ಲೋಪ್ ಅವರ ಲಿವರ್‌ಪೂಲ್ ಎದುರು 0-5. ಇಟಲಿಯಲ್ಲಿ ಇಂಟರ್‌ಗೆ ಲೀಗ್ ಗೆದ್ದುಕೊಟ್ಟು ಬಿಟ್ಟಿದ್ದ ಆಂಟೋನಿಯೊ ಕಾಂಟೆ ಆ ಹೊತ್ತಿಗೆ ಖಾಲಿ ಕೂತಿದ್ದರು. ನವೆಂಬರ್ 2ಕ್ಕೆ ಕಾಂಟೆ ಟಾಟನ್‌ಹ್ಯಾಮ್ ಸೇರಿದರು. ನವೆಂಬರ್ 21ಕ್ಕೆ ಯುನೈಟೆಡ್ ಸೋಲ್ಶೇರ್ ಅವರನ್ನು ತೆಗೆಯಿತು. ಮಧ್ಯೆ 19 ದಿನ. ಕಾಂಟೆ ಬಂದಿದ್ದರೆ ಎರಡು ವರ್ಷದೊಳಗೆ ಜಗಳವಾಡಿ ಹೋಗುತ್ತಿದ್ದರೇನೋ, ಅದು ಬೇರೆ ವಿಷಯ. ತಾವೇ ತೀರ್ಮಾನಿಸಿ ಬೇಡ ಅನ್ನುವುದು ಒಂದು. ತೀರ್ಮಾನಿಸದೆ ಕೂತು, ಮಾಲು ಬೇರೆಯವರು ಎತ್ತಿಕೊಂಡು ಹೋದ ಮೇಲೆ ಅಂಗಡಿ ಖಾಲಿ ಮಾಡುವುದು ಇನ್ನೊಂದು.

ಕ್ಲಬ್ಬಿನ ಆಡಳಿತ ಬದಲಾದರೆ ಇದೂ ಬದಲಾಗುತ್ತದೆ ಅಂತ ನಾವೆಲ್ಲ ನಂಬಿದ್ದೆವು. 2024ರ ಫೆಬ್ರವರಿಯಲ್ಲಿ ಜಿಮ್ ರಾಟ್‌ಕ್ಲಿಫ್ ಕ್ಲಬ್ಬಿನ ಸುಮಾರು ಕಾಲು ಪಾಲು ಕೊಂಡು ಫುಟ್ಬಾಲ್ ವ್ಯವಹಾರ ವಹಿಸಿಕೊಂಡರು. ಆ ವರ್ಷ ಎರಿಕ್ ಟೆನ್ ಹಾಗ್ ತಂಡ ಲೀಗ್‌ನಲ್ಲಿ ಎಂಟನೇ ಸ್ಥಾನ, ಆದರೆ ಸಿಟಿಯನ್ನು ಸೋಲಿಸಿ ಎಫ್‌ಎ ಕಪ್ ಗೆದ್ದಿತು. ಕ್ಲಬ್ ಬೇರೆ ಮ್ಯಾನೇಜರ್‌ಗಳ ಜೊತೆ ಮಾತನಾಡಿತು. 2021ರಲ್ಲಿ ಚೆಲ್ಸಿಗೆ ಚಾಂಪಿಯನ್ಸ್ ಲೀಗ್ ಗೆದ್ದುಕೊಟ್ಟ ಥಾಮಸ್ ಟುಕೆಲ್ ಜೊತೆ ಮಾತಾಗಿತ್ತು ಎಂದು ಟೆನ್ ಹಾಗ್ ಅವರೇ ಹೇಳಿಕೊಂಡರು. ಕೊನೆಗೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ಟೆನ್ ಹಾಗ್ ಅವರನ್ನೇ ಉಳಿಸಿ, ಜುಲೈಯಲ್ಲಿ ಕರಾರು 2026ರ ತನಕ ಮುಂದುವರಿಸಿದರು.

ಒಂಬತ್ತು ಲೀಗ್ ಪಂದ್ಯ ಆದಾಗ ತಂಡ 14ನೇ ಸ್ಥಾನದಲ್ಲಿತ್ತು. ಅಕ್ಟೋಬರ್ 28ಕ್ಕೆ ಟೆನ್ ಹಾಗ್ ವಜಾ. ಅವರಿಗೂ ಸಹಾಯಕರಿಗೂ ಪರಿಹಾರ ಸುಮಾರು ಒಂದು ಕೋಟಿ ಪೌಂಡ್, ಅವರ ಜಾಗಕ್ಕೆ ರೂಬೆನ್ ಅಮೊರಿಮ್ ಅವರನ್ನು ಸೀಸನ್ ನಡುವೆ ಬಿಡಿಸಿಕೊಂಡು ಬರಲು ಪೋರ್ಚುಗಲ್‌ನ ಸ್ಪೋರ್ಟಿಂಗ್ ಕ್ಲಬ್ಬಿಗೆ ಕೊಟ್ಟದ್ದು 1.1 ಕೋಟಿ ಯೂರೋ. ಟುಕೆಲ್ ಅಷ್ಟರಲ್ಲಿ ಇಂಗ್ಲೆಂಡ್ ರಾಷ್ಟ್ರೀಯ ತಂಡಕ್ಕೆ ಸಹಿ ಹಾಕಿದ್ದರು. ಆ ಸುದ್ದಿ ಪ್ರಕಟವಾಗಿದ್ದು ಅಕ್ಟೋಬರ್ 16ಕ್ಕೆ, ಟೆನ್ ಹಾಗ್ ವಜಾ ಆಗುವ 12 ದಿನ ಮೊದಲು.